ಮೇಲಿನ ಹಲಗೆ, ಕೆಳಗಿನ ಬಾವಿ

ಸುಸ್ಥಿರ ಅಭಿವೃದ್ಧಿಯ ಒಂಬತ್ತು ವಿಷಯಗಳ ಪಟ್ಟಿ ಕೊಟ್ಟು, ನಿಮ್ಮ ಗ್ರಾಮ ಪಂಚಾಯತಿ ಈ ವರ್ಷ ಯಾವುದನ್ನು ಕೈಗೆತ್ತಿಕೊಳ್ಳುತ್ತದೆ ಎಂದು ಕೇಳಿದಾಗ ನಾನು ಹೆಚ್ಚು ಯೋಚಿಸಲಿಲ್ಲ. ಕಡಬದ ಸಭಾಂಗಣದಲ್ಲಿ ತರಬೇತಿ ನಡೆಯುತ್ತಿತ್ತು, ಊಟದ ಹೊತ್ತು ಮೀರಿತ್ತು. 'ನೀರು ಸಮೃದ್ಧವಾಗಿರುವ ಗ್ರಾಮ' ಎಂಬುದರ ಎದುರು ಗುರುತು ಹಾಕಿ ಕೊಟ್ಟುಬಿಟ್ಟೆ. ಪಕ್ಕದಲ್ಲಿ ಕುಳಿತಿದ್ದ ಇನ್ನೊಂದು ಪಂಚಾಯತಿಯ ಅಭಿವೃದ್ಧಿ ಅಧಿಕಾರಿ 'ಸ್ವಚ್ಛ ಹಸಿರು ಗ್ರಾಮ' ಆರಿಸಿಕೊಂಡಿದ್ದರು. “ನೀರಿನ ಸುದ್ದಿಗೆ ಹೋಗ್ಬೇಡಿ ಮೇಡಂ. ಕಸ ಆದ್ರೆ ಒಂದು ಶೆಡ್ಡು ಕಟ್ಟಿ ಫೋಟೊ ತೆಗೆದ್ರೆ ಆಯ್ತು” ಎಂದು ನಕ್ಕರು. ನಾನೂ ನಕ್ಕೆ. ಕೆದಂಬಾಡಿಯಲ್ಲಿ ಹುಟ್ಟಿ ಬೆಳೆದ ನನಗೆ ತೋಡು, ಕೆರೆ, ಬಾವಿ ಎಲ್ಲ ಗೊತ್ತು ಎಂಬ ಜಂಬ ಒಳಗೊಳಗೆ ಇತ್ತು.

ನಾನು ಅಭಿವೃದ್ಧಿ ಅಧಿಕಾರಿಯಾಗಿದ್ದ ಪಂಚಾಯತಿ ಪಂಜದಿಂದ ಸ್ವಲ್ಪ ಒಳಗೆ. ಗ್ರಾಮದ ನಡುವೆ ಒಂದು ತೋಡು, ಅಂದರೆ ಸಣ್ಣ ಹಳ್ಳ, ಹರಿಯುತ್ತದೆ. ಅದರ ಮೇಲ್ಭಾಗದಲ್ಲಿ, ಇಲಾಖೆಯೊಂದು ಎಷ್ಟೋ ವರ್ಷದ ಹಿಂದೆ ಕಟ್ಟಿಸಿ ನಮಗೆ ಒಪ್ಪಿಸಿದ ಕಿಂಡಿ ಅಣೆಕಟ್ಟು ಇದೆ. ತೋಡಿಗೆ ಅಡ್ಡವಾಗಿ ಸಾಲು ಕಾಂಕ್ರೀಟ್ ಕಂಬಗಳು, ಕಂಬಗಳ ನಡುವೆ ಕಿಂಡಿಗಳು. ಮಳೆಗಾಲದಲ್ಲಿ ಕಿಂಡಿಗಳು ತೆರೆದಿರುತ್ತವೆ. ಮಳೆ ನಿಂತ ಮೇಲೆ ಅವಕ್ಕೆ ಹಲಗೆ ಇಳಿಸಿ ನೀರು ನಿಲ್ಲಿಸಬೇಕು. ಅಲ್ಲಿಂದ ಒಂದೂವರೆ ಕಿಲೋಮೀಟರ್ ಕೆಳಗೆ, ತೋಡಿನ ದಡದಲ್ಲೇ, ಪಂಚಾಯತಿಯ ಕುಡಿಯುವ ನೀರಿನ ಬಾವಿ. ಆ ಬಾವಿಯ ನೀರನ್ನು ಗುಡ್ಡದ ಮೇಲಿನ ಟ್ಯಾಂಕಿಗೆ ಏರಿಸಿ ಅಲ್ಲಿಯ ಕಾಲೊನಿಯ ಮನೆಗಳಿಗೆ ಬಿಡುತ್ತೇವೆ. ಗುಡ್ಡದಲ್ಲಿ ಕೊರೆದ ಎರಡು ಕೊಳವೆಬಾವಿಗಳಲ್ಲಿ ಒಂದು ಬತ್ತಿಹೋಗಿದೆ, ಇನ್ನೊಂದರಲ್ಲಿ ಬರುವುದು ಬಟ್ಟೆಗೂ ಆಗದ ಕೆಂಪು ನೀರು. ಹಾಗಾಗಿ ಕಾಲೊನಿಗೆ ಆ ದಡದ ಬಾವಿಯೊಂದೇ ಗತಿ. ಅದೂ ಪ್ರತಿವರ್ಷ ಮಾರ್ಚ್ ನಡುವಿನಲ್ಲಿ ಬತ್ತುತ್ತಿತ್ತು, ಆಮೇಲೆ ಮಳೆ ಬರುವವರೆಗೆ ಟ್ಯಾಂಕರ್.

ಕಾಲೊನಿಯ ಸದಸ್ಯೆ ಬೀಡಿ ಕಟ್ಟುವವರು. ಮೀಸಲು ಸ್ಥಾನದಲ್ಲಿ ಗೆದ್ದು ಬಂದಿದ್ದರು, ಸಭೆಗಳಲ್ಲಿ ಮಾತು ಕಡಿಮೆ. ಆ ವರ್ಷದ ಗ್ರಾಮಸಭೆಯಲ್ಲಿ ಮಾತ್ರ ಎದ್ದು ನಿಂತು ನನ್ನನ್ನೇ ನೋಡಿ ಹೇಳಿದರು: “ಮೇಡಂ, ಈ ಸಲ ಟ್ಯಾಂಕರ್ ಬೇಡ. ಬೀಡಿ ಬಿಟ್ಟು ಕೊಡ ಹಿಡ್ಕೊಂಡು ಕಾಯುದು ಎಷ್ಟು ವರ್ಷ? ನನ್ನ ಅವಧಿಯ ಕೊನೆಯ ಬೇಸಗೆ ಇದು. ಪ್ರತಿ ಸಲ ನಮ್ಮವರಿಗೆ ಮಾತು ಕೊಟ್ಟು ನಾನು ಸುಳ್ಳುಗಾರ್ತಿ ಆಗಿದ್ದೇನೆ.” ನಾನು ಮೈಕ್ ತೆಗೆದುಕೊಂಡು, ಈ ಸಲ ಹಾಗಾಗುವುದಿಲ್ಲ ಎಂದೆ. ಸಭೆಯಲ್ಲಿ ಚಪ್ಪಾಳೆಯೂ ಬಿತ್ತು.

ನನ್ನ ಲೆಕ್ಕ ಸರಳವಾಗಿತ್ತು: ಮೇಲೆ ಬೇಗ ನೀರು ನಿಂತರೆ ಕೆಳಗಿನ ಬಾವಿಗೂ ನೀರು. ಹಿಂದಿನ ವರ್ಷ ಅಂದಾಜುಪಟ್ಟಿ, ಅನುಮೋದನೆ ಎಂದು ಕಡತ ಓಡಾಡಿ ಹಲಗೆ ಇಳಿಯುವಾಗ ಜನವರಿ ಕಳೆದಿತ್ತು. ತೋಡಿನಲ್ಲಿ ನಿಲ್ಲಿಸಲು ನೀರೇ ಉಳಿದಿರಲಿಲ್ಲ. ಇದ್ದ ನೀರೂ ಸೋರಿಹೋಯಿತು, ಏಕೆಂದರೆ ಹಲಗೆಗಳ ನಡುವೆ ತುಂಬಿದ್ದು ಜೆಸಿಬಿಯಲ್ಲಿ ಗುಡ್ಡ ಕೆರೆದು ತಂದ, ನೀರು ಹಿಡಿಯದ ಮುರಕಲ್ಲಿನ ಮಣ್ಣು. ಆದ್ದರಿಂದ ಈ ಸಲ ಆಗಸ್ಟಿನಲ್ಲೇ ಕಡತ ಹಿಡಿದು ಕೂತೆ. ನನ್ನದು ಪಟ್ಟಿ ಮಾಡಿ ಗೀಟು ಹಾಕುವ ಸ್ವಭಾವ, ತಡ ಎಂದರೆ ಮೈ ಉರಿಯುತ್ತದೆ. ಹಳೇ ಶಾಲೆಯ ಕೋಣೆಯಲ್ಲಿದ್ದ ಹಲಗೆಗಳನ್ನು ಹೊರಗೆ ಹಾಕಿಸಿ, ಗೆದ್ದಲು ತಿಂದವನ್ನು ಬೇರ್ಪಡಿಸಿ, ಬದಲಿಗೆ ಫೈಬರ್ ಹಲಗೆ ತರಿಸಿದೆ. ಗದ್ದೆಯೊಂದರಿಂದ ಜೇಡಿಮಣ್ಣು ಕೊಡಲು ಒಬ್ಬರನ್ನು ಒಪ್ಪಿಸಿದೆ.

ಡಿಸೆಂಬರ್ ಮೊದಲಿಗೆ, ಷಷ್ಠಿ ಜಾತ್ರೆ ಕಳೆದ ವಾರ ಕೆಲಸ ಆರಂಭವಾಯಿತು. ಕಂಬದ ಬದಿಯಲ್ಲಿ ಹಲಗೆ ಕೂರುವ ಸೀಳು ಇರುತ್ತದೆ. ಮಳೆಗಾಲದ ಕಸ, ಕಲ್ಲು ಅದರಲ್ಲಿ ಸಿಕ್ಕಿಕೊಂಡಿದ್ದರೆ ಹಲಗೆ ಓರೆಯಾಗಿ ಕೂತು ಸೋರುತ್ತದೆ. ಆ ಸೀಳುಗಳನ್ನು ಕಬ್ಬಿಣದ ಸರಳಿನಿಂದ ಕೆರೆಸಲಿಕ್ಕೇ ಒಂದು ದಿನ ಹಿಡಿಯಿತು. ಆಮೇಲೆ ಒಂದರ ಮೇಲೊಂದು ಹಲಗೆ ಇಳಿಸಿ ಕೊಡತಿಯಿಂದ ಬಡಿದು ಕೂರಿಸಿದರು. ಹೀಗೆ ಎರಡು ಸಾಲು, ನಡುವೆ ಜೇಡಿಮಣ್ಣು. ಮಣ್ಣನ್ನು ಸುರಿದರೆ ಸಾಲದು, ಒಂದಡಿ ತುಂಬಿದಾಗಲೆಲ್ಲ ಇಳಿದು ಕಾಲಿನಿಂದ ತುಳಿಯಬೇಕು. ಎಲ್ಲವನ್ನೂ ಎದುರು ನಿಂತು ಮಾಡಿಸಿದೆ. ಮೂರನೇ ದಿನ ಸಂಜೆ ಒಂದು ಹನಿ ಸೋರದಂತೆ ಅಣೆಕಟ್ಟು ಮುಚ್ಚಿತು.

ಪಂಚಾಯತಿ ಅಧ್ಯಕ್ಷರ ಅಡಿಕೆ ತೋಟ ಅಣೆಕಟ್ಟಿನ ಮೇಲಿನ ದಡದಲ್ಲೇ ಇದೆ. ನಿಂತ ನೀರು ನೋಡಿ ಅವರಿಗೆ ಹಿಗ್ಗೋ ಹಿಗ್ಗು. “ನೀವು ನಮ್ಮ ಪಂಚಾಯತಿಗೆ ಬಂದದ್ದು ನಮ್ಮ ಪುಣ್ಯ ಮಾರಾಯ್ರೆ” ಎಂದರು. ನಾನು ಫೋಟೊ ತೆಗೆದು ಅಪ್‌ಲೋಡ್ ಮಾಡಿದೆ. ತಾಲೂಕಿನಲ್ಲೇ ಮೊದಲು ಹಲಗೆ ಹಾಕಿದ್ದು ನಾವೇ ಇರಬೇಕು ಎಂದುಕೊಂಡು ಆ ವಾರವಿಡೀ ಹುರುಪಿನಲ್ಲಿದ್ದೆ.

ಏಳನೇ ದಿನ ಬೆಳಿಗ್ಗೆ ಪಂಪು ಬಿಡುವವರ ಫೋನು ಬಂತು. “ಮೇಡಂ, ಬಾವಿಯಲ್ಲಿ ಪಂಪು ಗಾಳಿ ಎಳೀತಾ ಉಂಟು.”

“ಡಿಸೆಂಬರಿನಲ್ಲಾ?”

“ಡಿಸೆಂಬರೇ. ಬಂದು ನೋಡಿ.”

ಸ್ಕೂಟರ್ ನಿಲ್ಲಿಸಿ ಬಾವಿಗೆ ಇಣುಕಿದೆ. ತಳದಲ್ಲಿ ಪಂಪಿನ ಪೈಪಿನ ತುದಿ ಕಾಣುತ್ತಿತ್ತು. ಪಕ್ಕದ ತೋಡಿನಲ್ಲಿ ಹರಿವೇ ಇರಲಿಲ್ಲ, ಅಲ್ಲಲ್ಲಿ ಗುಂಡಿಗಳಲ್ಲಿ ಉಳಿದ ನೀರಿನಲ್ಲಿ ಮೀನುಗಳು ಒದ್ದಾಡುತ್ತಿದ್ದವು. ನನಗೆ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಡಿಸೆಂಬರಿನ ತೋಡಿನಲ್ಲಿ ಹರಿಯುವುದೇ ಸಣ್ಣಗೆ. ಅಷ್ಟನ್ನೂ ನಾನು ಮೇಲೆ ಹಿಡಿದು ನಿಲ್ಲಿಸಿದ್ದೆ. ನಿಂತ ನೀರಿಗೆ ಎರಡೂ ದಡದ ತೋಟಗಳ ಪಂಪುಗಳು ಬಾಯಿ ಹಾಕಿದ್ದವು, ಅದು ತುಂಬಿ ಹಲಗೆ ದಾಟಿ ಕೆಳಗೆ ಬರುವ ಮಾತೇ ಇರಲಿಲ್ಲ. ಮೇಲೆ ನೀರು ನಿಂತರೆ ಇಂಗಿ ಕೆಳಗಿನವರಿಗೂ ಸಿಗುತ್ತದೆ ಎಂದು ತರಬೇತಿಯಲ್ಲಿ ತೋರಿಸಿದ್ದರು. ಇಂಗಿ ಬರಲು ತಿಂಗಳುಗಳೇ ಬೇಕಲ್ಲ ಎಂಬುದು ನನ್ನ ತಲೆಗೆ ಹೊಳೆದಿರಲಿಲ್ಲ.

ಅಷ್ಟರಲ್ಲಿ ಕಾಲೊನಿಯ ಸದಸ್ಯೆ ಇಳಿದು ಬಂದರು. ಬೈಯುತ್ತಾರೆ ಎಂದುಕೊಂಡೆ, ಬೈಯಲಿಲ್ಲ. “ಟ್ಯಾಂಕರ್ ಮಾರ್ಚಿಗೆ ಬರ್ತಿತ್ತು ಮೇಡಂ. ನೀವು ಡಿಸೆಂಬರಿಗೇ ತಂದ್ರಿ” ಎಂದರು.

ಬಾವಿಯ ಸಮೀಪದ ಮನೆಯ ಅಜ್ಜ ಒಬ್ಬರು ಸದ್ದು ಕೇಳಿ ಬಂದಿದ್ದರು. ಆ ಜಾಗದಲ್ಲಿ ಹಿಂದೆ ಪ್ರತಿವರ್ಷ ಮಣ್ಣು, ಕಲ್ಲು, ಸೊಪ್ಪಿನಿಂದ ತೋಡಿಗೆ ಕಟ್ಟ ಹಾಕುತ್ತಿದ್ದರು. ಅದರ ಮುಂದಾಳು ಇವರೇ, ಊರಲ್ಲಿ ಈಗಲೂ ಕಟ್ಟದ ಅಜ್ಜ ಎಂದೇ ಹೆಸರು. ಅವರು ಒಣಗಿದ ತೋಡನ್ನೂ ನನ್ನನ್ನೂ ಒಮ್ಮೆ ನೋಡಿದರು.

“ಮೇಲೆ ಹಲಗೆ ಹಾಕಿದ್ದು ಯಾರನ್ನು ಕೇಳಿ?”

ಎಂಜಿನಿಯರನ್ನು ಕೇಳಿ ಎಂದೆ.

“ಕೆಳಗೆ ಕಟ್ಟ ಹಾಕದೆ ಮೇಲೆ ಹಾಕುದುಂಟಾ? ಮೊದಲು ಇಲ್ಲಿ ಕಟ್ಟುದು. ಇದು ತುಂಬಿದ ಮೇಲೆ ಅಲ್ಲಿ. ನಮ್ಮ ಅಪ್ಪನ ಕಾಲದಲ್ಲೂ ಹಾಗೇ.”

“ಮತ್ತೆ ಯಾಕೆ ಬಿಟ್ರಿ ಅಜ್ಜ?”

“ಸರಕಾರದ ಕಟ್ಟ ಬಂತಲ್ಲ ಮೇಡಂ. ಇನ್ನು ನಮಗೆಂತ ಕೆಲಸ ಅಂತ ಬಿಟ್ಟೆವು.”

ಕೆಳಗಿನಿಂದಲೇ ಯಾಕೆ ಶುರು ಮಾಡಬೇಕು ಎಂದು ಕೇಳಿದೆ. “ಯಾಕೆ ಅಂತ ನನಗೆಂತ ಗೊತ್ತು? ಹಾಗೆ ಮಾಡುದು” ಎಂದು ಎಲೆಅಡಿಕೆ ಉಗಿದು ಮನೆಗೆ ಹೋದರು.

ಕಚೇರಿಗೆ ಬಂದು ಎಂಜಿನಿಯರಿಗೆ ಫೋನು ಮಾಡಿ ಕೆಳಗೆ ಕಟ್ಟ ಹಾಕುವ ಮಾತು ಎತ್ತಿದೆ. ಮಳೆಗೆ ಕೊಚ್ಚಿಹೋಗುವ ಮಣ್ಣಿನ ಕಟ್ಟಕ್ಕೆ ಅಂದಾಜುಪಟ್ಟಿ ಮಾಡಲು ಬರುವುದಿಲ್ಲ ಎಂದರು. ಮೇಲಿನ ಹಲಗೆ ತೆಗೆದರೆ ಎಂದು ಕೇಳಿದಾಗ ಗಾಬರಿಯಾದರು. “ಫೋಟೊ ಅಪ್‌ಲೋಡ್ ಆಗಿದೆಯಲ್ಲ ಮೇಡಂ? ಮುಗಿದ ಕೆಲಸವನ್ನು ನೀವೇ ಬಿಚ್ಚಿದ್ರೆ ನಾಳೆ ಕೇಳಿದವರಿಗೆ ಎಂತ ಹೇಳುದು?” ಅಧ್ಯಕ್ಷರ ಸಲಹೆ ಇನ್ನೊಂದು. ಸದ್ಯಕ್ಕೆ ಟ್ಯಾಂಕರ್ ಕಳಿಸುವ, ಫೆಬ್ರವರಿಯೊಳಗೆ ಗುಡ್ಡದಲ್ಲಿ ಇನ್ನೊಂದು ಕೊಳವೆಬಾವಿ ಕೊರೆಸುವ ಎಂದರು.

ನಾನು ಮಧ್ಯಾಹ್ನದ ಬುತ್ತಿ ಬಿಚ್ಚದೆ ಕೂತಿದ್ದೆ. ಕೊಳವೆಬಾವಿ ಸುಲಭದ ದಾರಿ. ಯಾರಿಗೂ ಬೇಜಾರಿಲ್ಲ, ನನ್ನ ತಪ್ಪು ಮುಚ್ಚಿಹೋಗುತ್ತದೆ, ಎರಡು ಬಾವಿ ಸೋತ ಗುಡ್ಡದಲ್ಲಿ ಮೂರನೆಯದೂ ಎರಡು ವರ್ಷದಲ್ಲಿ ಬತ್ತಿದರೆ ಅಷ್ಟರಲ್ಲಿ ನಾನು ವರ್ಗವಾಗಿ ಬೇರೆ ಕಡೆ ಇರುತ್ತೇನೆ. ಹಾಗೆ ಯೋಚಿಸಿದವಳು ನಾನೇ ಎಂದು ಹೇಳಿಕೊಳ್ಳಲು ಈಗಲೂ ಹಿಂಸೆ. ಆದರೆ ಯೋಚಿಸಿದ್ದು ಹೌದು. ಕೊನೆಗೆ ಎದ್ದು ಅಧ್ಯಕ್ಷರ ಕೋಣೆಗೆ ಹೋಗಿ, ನಾಳೆ ಎರಡು ಕಿಂಡಿಗಳ ಹಲಗೆ ತೆಗೆಸುತ್ತೇನೆ, ಬಾವಿಯ ಹತ್ತಿರ ಹಿಂದಿನ ಹಾಗೆ ಕಟ್ಟ ಕಟ್ಟಿ, ಅದು ತುಂಬಿದ ಮೇಲೆ ಪುನಃ ಹಾಕುವ ಎಂದೆ.

ಅವರು ಪೇಪರ್‌ವೇಟ್ ತಿರುಗಿಸುತ್ತ ಹೇಳಿದರು: “ಮೇಡಂ, ನನ್ನ ತೋಟದ ನೀರು ನಾನೇ ಬಿಡ್ಲಿಕ್ಕೆ ಹೇಳಿದೆ ಅಂತ ಆದ್ರೆ ಹೆಂಡತಿ ಸಹ ಊಟ ಹಾಕುದಿಲ್ಲ. ಒಂದು ಕೆಲಸ ಮಾಡುವ. ನಾಳೆ ನನಗೆ ಪುತ್ತೂರಿಗೆ ಹೋಗ್ಲಿಕ್ಕುಂಟು. ಸಂಜೆವರೆಗೆ ಫೋನು ಸಿಗುದಿಲ್ಲ.” ನನಗೆ ಸಿಟ್ಟು ಬಂತು. ಬಾಗಿಲ ಹತ್ತಿರ ಬರುವಾಗ, ಅವರು ಬೇಡ ಎಂದಿಲ್ಲ ಎಂಬುದು ಹೊಳೆದು ಸಿಟ್ಟು ಇಳಿಯಿತು.

ಹಲಗೆ ಹಾಕುವುದಕ್ಕಿಂತ ತೆಗೆಯುವುದು ಕಷ್ಟ. ಜೇಡಿಮಣ್ಣನ್ನು ಅಗೆದು ತೆಗೆಯಬೇಕು, ನೀರಿನ ಒತ್ತಡಕ್ಕೆ ಬಿಗಿದು ಕೂತ ಹಲಗೆಗೆ ಕೊಕ್ಕೆ ಹಾಕಿ ಎಳೆಯಬೇಕು. ಮಾರನೇ ದಿನ ಪಂಪು ಬಿಡುವವರು ಮತ್ತು ಇಬ್ಬರು ಕೂಲಿಯವರು ಒಂದು ಕಿಂಡಿ ಬಿಚ್ಚುವಷ್ಟರಲ್ಲಿ ಮೇಲಿನ ದಡದವರು ಬಂದು ಸೇರಿದರು. ಎಲ್ಲರ ಮುಂದೆ ಇದ್ದವರು ರಬ್ಬರ್ ಮತ್ತು ಅಡಿಕೆ ಬೆಳೆಯುವ ಒಬ್ಬ ಕೃಷಿಕರು, ತಂದೆಯ ಕಾಲದಲ್ಲಿ ಕೇರಳದಿಂದ ಬಂದು ನೆಲೆಸಿದ ಕುಟುಂಬ. ಊರಿಗೆಲ್ಲ ಅವರು ಚೇಟ, ಅಂದರೆ ಅಣ್ಣ.

“ನೀವೇ ಹಾಕುದು, ನೀವೇ ತೆಗೆಯುದು. ಇದೆಂತ ಮಕ್ಕಳಾಟವಾ ಮೇಡಂ?”

“ತಪ್ಪು ನನ್ನದು ಚೇಟ” ಎಂದೆ. ಜನರ ಎದುರು ನನ್ನ ಬಾಯಲ್ಲಿ ಆ ಮಾತು ಅದಕ್ಕೆ ಮೊದಲು ಬಂದಿರಲಿಲ್ಲ.

“ತಪ್ಪು ನಿಮ್ಮದು, ಒಣಗುದು ನನ್ನ ತೋಟ. ಚಂದ ಉಂಟು. ಪುನಃ ಮುಚ್ಚುದು ಯಾವಾಗ?”

“ಕೆಳಗಿನ ಕಟ್ಟ ತುಂಬಿದ ದಿನ.”

“ಎಲ್ಲುಂಟು ಕೆಳಗಿನ ಕಟ್ಟ?”

“ಇನ್ನು ಕಟ್ಟಬೇಕು.”

ಅವರು ಸುತ್ತ ನಿಂತವರ ಮುಖ ನೋಡಿದರು. ಯಾರೋ ಜೋರಾಗಿ ನಕ್ಕರು. ಮೇಲಧಿಕಾರಿಗಳಿಗೆ ದೂರು ಕೊಡುತ್ತೇನೆ ಎಂದು ಇನ್ನೊಬ್ಬರು ಅಲ್ಲೇ ಫೋನು ತೆಗೆದರು. ಆದರೆ ಬಿಚ್ಚಿದ ಕಿಂಡಿಗೆ ಯಾರೂ ಕೈ ಹಾಕಲಿಲ್ಲ. ಕುಡಿಯುವ ನೀರು ಎಂಬ ಮಾತಿಗೆ ಅಷ್ಟು ಮರ್ಯಾದೆ ಅವರೆಲ್ಲರಲ್ಲೂ ಇತ್ತು ಎಂಬುದನ್ನು ನಾನು ಹೇಳಲೇಬೇಕು. ಎರಡನೇ ಕಿಂಡಿಯೂ ತೆರೆಯಿತು, ನೀರು ಕೆಳಗೆ ಹರಿಯಿತು.

ಕೆಳಗೆ ಬಾವಿಯ ಹತ್ತಿರ ಸದಸ್ಯೆಯ ಜೊತೆ ಕಾಲೊನಿಯ ಹೆಂಗಸರು ಹತ್ತು ಮಂದಿ ಬಂದಿದ್ದರು. ಬೀಡಿ ಕಟ್ಟುವ ಮೊರ ಮನೆಯಲ್ಲಿ ಬಿಟ್ಟು ಬಂದವರು. ಕಟ್ಟದ ಅಜ್ಜ ಕಲ್ಲಿನ ಮೇಲೆ ಕೂತು ಕೋಲು ತೋರಿಸಿ ಹೇಳಿಕೊಡುತ್ತಿದ್ದರು. ಸಿಮೆಂಟ್ ಚೀಲಕ್ಕೆ ಮರಳು ತುಂಬಿ ಸಾಲಿಟ್ಟು, ಎದುರಿಗೆ ಸೊಪ್ಪು, ಅದರ ಮೇಲೆ ಮಣ್ಣು. ನಾನೂ ಚೂಡಿದಾರ ಮಡಚಿ ಇಳಿದೆ. ಸಂಜೆಯಾಗುವಾಗ ಮೊಣಕಾಲೆತ್ತರ ಬಂದಿತ್ತು. ಬೆಳಿಗ್ಗೆ ಹೋಗಿ ನೋಡಿದರೆ ಅರ್ಧ ಇರಲಿಲ್ಲ. ಮೇಲಿನಿಂದ ಬಿಟ್ಟ ನೀರು ಬಂದ ರಭಸಕ್ಕೆ ಹಸಿ ಮಣ್ಣು ಕೊಚ್ಚಿಹೋಗಿ ಚೀಲಗಳು ಜಾರಿದ್ದವು. ಸದಸ್ಯೆ ದಡದಲ್ಲಿ ಕೂತಿದ್ದರು. ಇಪ್ಪತ್ತು ಕೈಗಳಿಂದ ಇದು ಆಗುವ ಕೆಲಸವಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಾಗಿತ್ತು. ಫೋನಿನಲ್ಲಿ ಟ್ಯಾಂಕರಿನವರ ನಂಬರು ಹುಡುಕಿಟ್ಟುಕೊಂಡೆ, ಅಳು ಬರುವ ಹಾಗಿತ್ತು.

ಆಗ ಪಿಕಪ್ ಒಂದು ದಡದ ಹತ್ತಿರ ನಿಂತಿತು. ಚೇಟ ಇಳಿದರು. ಹಿಂದೆ ಸೀಳಿದ ಅಡಿಕೆ ಮರದ ಕಟ್ಟು, ಎರಡು ದೊಡ್ಡ ಟರ್ಪಾಲು, ನಾಲ್ಕು ಕೆಲಸದವರು. ಮುಖದಲ್ಲಿ ನಗು ಇರಲಿಲ್ಲ.

“ನೀವು ಹೀಗೆ ಕಟ್ಟಿದ್ರೆ ಮಳೆಗಾಲ ಶುರುವಾಗುವಾಗ ಮುಗೀತದೆ. ಅಷ್ಟರವರೆಗೆ ನಾನು ಪಂಪು ನೋಡಿಕೊಂಡು ಕೂರುದಾ? ಸರೀರಿ ಆಚೆ.”

ಹಿಂದಿನಿಂದ ಇನ್ನೂ ಎರಡು ಬೈಕು ಬಂದವು. ಮೇಲಿನ ದಡದವರೇ. ನಿನ್ನೆ ಫೋನು ತೆಗೆದು ದೂರು ಕೊಡುತ್ತೇನೆ ಎಂದವರ ಕೈಯಲ್ಲಿ ಇಂದು ಹಾರೆ ಇತ್ತು.

ಅಲ್ಲಿ ನಿಂತಾಗ ನನಗೆ ತಿಳಿಯಿತು. ಮೇಲೆ ಮೊದಲು ಕಟ್ಟಿದರೆ ಮೇಲಿನವರ ಕೆಲಸ ಅಲ್ಲಿಗೆ ಮುಗಿಯಿತು, ಕೆಳಗಿನವರ ಪಾಡು ಕೆಳಗಿನವರಿಗೆ. ಕೆಳಗೆ ಮೊದಲು ಕಟ್ಟಬೇಕೆಂದರೆ ಮೇಲಿನವರು ತಮ್ಮ ನೀರಿಗಾಗಿಯೇ ಕೆಳಗಿಳಿದು ಬಂದು ಮಣ್ಣು ಹೊರಬೇಕು, ಅದೂ ಗಟ್ಟಿಯಾಗಿ ಕಟ್ಟಬೇಕು, ಸೋರಿದರೆ ನಷ್ಟ ಅವರಿಗೇ. ಯಾರ ಒಳ್ಳೆಯತನವನ್ನೂ ನೆಚ್ಚಿಕೊಳ್ಳದ ಕ್ರಮ ಅದು. ಅಜ್ಜನಿಗೆ ಕಾರಣ ಗೊತ್ತಿರಲಿಲ್ಲ ಎಂದು ನಾನು ಈಗ ನಂಬುವುದಿಲ್ಲ, ಆದರೆ ಕೇಳಿದಾಗಲೆಲ್ಲ ಅವರದು ಅದೇ ಉತ್ತರ.

ಅಡಿಕೆ ಮರಗಳನ್ನು ಅಡ್ಡ ಹಾಕಿ, ಗೂಟ ಬಡಿದು, ಟರ್ಪಾಲು ಹಾಸಿ ಅದರ ಅಂಚನ್ನು ತೋಡಿನ ತಳದಲ್ಲಿ ಹೂತು ಮಣ್ಣು ಏರಿಸಿದರು. ಟರ್ಪಾಲು ಹೂಳುವಲ್ಲಿ ಚೇಟನಿಗೂ ಅಜ್ಜನಿಗೂ ಜಗಳವಾಯಿತು, ಒಬ್ಬರು ಮಲಯಾಳಂ ಬೆರೆಸಿ, ಇನ್ನೊಬ್ಬರು ತುಳುವಿನಲ್ಲಿ. ಮಣ್ಣು ತುಳಿದದ್ದು ಕಾಲೊನಿಯ ಹೆಂಗಸರು. “ಚೇಟ, ನಿಮ್ಮ ಶೂಸು ತೆಗೆದು ಇಳೀರಿ, ಮಣ್ಣಿಗೆ ಕಾಲು ಬೇಕು” ಎಂದು ಸದಸ್ಯೆ ಹೇಳಿದಾಗ ಅವರು ನಿಜಕ್ಕೂ ತೆಗೆದು ಇಳಿದರು. ಮೂರನೇ ದಿನ ಪುತ್ತೂರಿನ ಕೆಲಸ ಮುಗಿಸಿದ ಅಧ್ಯಕ್ಷರು ಒಂದು ಬುಟ್ಟಿ ಗೋಳಿಬಜೆ, ಚಹಾ ತೆಗೆದುಕೊಂಡು ಬಂದರು. ಯಾರೂ ಏನೂ ಕೇಳಲಿಲ್ಲ, ಗೋಳಿಬಜೆ ಮಾತ್ರ ಐದೇ ನಿಮಿಷದಲ್ಲಿ ಖಾಲಿಯಾಯಿತು.

ಕಟ್ಟ ಮುಗಿದ ಆರನೇ ದಿನ ನೀರು ಅಜ್ಜ ತೋರಿಸಿದ ಬಂಡೆಯ ನೆತ್ತಿ ಮುಟ್ಟಿತು. ಬಾವಿಯಲ್ಲಿ ನೀರು ಎರಡಾಳು ಏರಿತ್ತು. ಅಂದೇ ಮಧ್ಯಾಹ್ನ ಚೇಟ ನಿಂತು ಮೇಲಿನ ಹಲಗೆಗಳನ್ನು ಹಾಕಿಸಿದರು. ಎಲ್ಲರೂ ಖುಷಿಯಾದರು ಎಂದು ಬರೆದರೆ ಸುಳ್ಳಾಗುತ್ತದೆ. ಆ ಎರಡು ವಾರ ನೀರಿಲ್ಲದೆ ಹೊಸ ಅಡಿಕೆ ಸಸಿ ಕಳೆದುಕೊಂಡ ಒಬ್ಬರು ನನ್ನೊಡನೆ ಇವತ್ತಿಗೂ ಮಾತಾಡುವುದಿಲ್ಲ. ಅವರ ಕೋಪ ನ್ಯಾಯವೇ. ಮುಗಿದ ಕೆಲಸ ಬಿಚ್ಚಿದ್ದಕ್ಕೆ ನಾನು ಲಿಖಿತ ವಿವರಣೆಯನ್ನೂ ಕೊಡಬೇಕಾಯಿತು.

ಮುಂದಿನ ಸಾಮಾನ್ಯ ಸಭೆಯಲ್ಲಿ, ಪ್ರತಿವರ್ಷ ಷಷ್ಠಿಯ ನಂತರ ಮೊದಲು ಕೆಳಗಿನ ಕಟ್ಟ, ಅದು ತುಂಬಿದ ಮೇಲೆ ಮೇಲಿನ ಹಲಗೆ ಎಂದು ನಿರ್ಣಯ ಬರೆದೆವು. ಅಜ್ಜನನ್ನು ಸಭೆಗೆ ಕರೆಸಿ ಕೂರಿಸಿದ್ದೆ. ಸುಸ್ಥಿರ ಅಭಿವೃದ್ಧಿಯ ವರದಿಯಲ್ಲಿ ಎಷ್ಟು ಕಾಮಗಾರಿ ಎಂದು ಬರೆಯಲು ಅಂಕಣವಿದೆ, ಯಾವುದು ಮೊದಲು ಯಾವುದು ಆಮೇಲೆ ಎಂದು ಬರೆಯಲು ಇಲ್ಲ. ಪಂಚಾಯತಿ ಎಂಬುದು ಇರುವುದೇ ಆ ಅಂಕಣವಿಲ್ಲದ ವಿಷಯ ತಿಳಿದುಕೊಳ್ಳಲು ಎಂದು ನನಗೆ ಅನಿಸತೊಡಗಿದ್ದು ಆ ದಿನಗಳಲ್ಲಿ.

ಮಾರ್ಚ್ ಕಳೆಯಿತು, ಟ್ಯಾಂಕರ್ ಬರಲಿಲ್ಲ. ಏಪ್ರಿಲ್ ಕೊನೆಯ ವಾರ ಬಿಸಿಲು ವಿಪರೀತವಾಯಿತು. ಬಾವಿಯ ನೀರು ದಿನಕ್ಕೆ ಒಂದು ಗೇಣು ಇಳಿಯುತ್ತಿದೆ ಎಂದು ಕೇಳಿ ನನಗೆ ಅನ್ನ ಸೇರಲಿಲ್ಲ. ಮೇಲಿನ ಅಣೆಕಟ್ಟಿನಲ್ಲಿ ಇನ್ನೂ ಸೊಂಟದೆತ್ತರ ನೀರಿತ್ತು. ಆದರೆ ಆ ಬಿಸಿಲಿನಲ್ಲಿ, ಡಿಸೆಂಬರಿನಲ್ಲಿ ಅಷ್ಟು ಅನುಭವಿಸಿದವರ ಹತ್ತಿರ ಮತ್ತೆ ನೀರು ಬಿಡಿ ಎಂದು ಯಾವ ಬಾಯಲ್ಲಿ ಕೇಳುವುದು? ಎರಡು ದಿನ ಮಾತು ಕೂಡಿಸಿಕೊಂಡೆ. ಮೂರನೇ ದಿನ ಬೆಳಿಗ್ಗೆ ಏನಾದರಾಗಲಿ ಎಂದು ಚೇಟನ ಮನೆಗೆ ಹೊರಟೆ, ದಾರಿಯಲ್ಲಿ ಬಾವಿಯನ್ನೊಮ್ಮೆ ನೋಡುವ ಎಂದು ತೋಡಿನ ಹತ್ತಿರ ಸ್ಕೂಟರ್ ನಿಲ್ಲಿಸಿದೆ.

ಕಾಲೊನಿಯ ಸದಸ್ಯೆ ದಡದಲ್ಲಿ ನಿಂತಿದ್ದರು. ತೋಡಿನ ಒಣ ಕಲ್ಲುಗಳ ನಡುವೆ ನೀರು ಬರುತ್ತಿತ್ತು. ಸಣ್ಣಗೆ, ಒಣ ಎಲೆಗಳನ್ನು ತಳ್ಳಿಕೊಂಡು, ನಮ್ಮ ಕಟ್ಟದ ಕಡೆಗೆ. ಪಂಪು ಬಿಡುವವರು ಹಿಂದಿನ ಸಂಜೆ ಫೋನು ಮಾಡಿದ್ದು ನನಗಲ್ಲ, ಚೇಟನಿಗೆ. ಬೆಳಿಗ್ಗೆ ಅವರೂ ಅಧ್ಯಕ್ಷರೂ ಸೇರಿ ಮೇಲಿನ ಅಣೆಕಟ್ಟಿನ ಎರಡು ಹಲಗೆ ಎತ್ತಿದ್ದರು ಎಂದು ಆಮೇಲೆ ತಿಳಿಯಿತು.

ಸದಸ್ಯೆ ನನ್ನ ಕಡೆ ತಿರುಗಿದರು. “ಮೇಡಂ, ಬಿಡ್ಲಿಕ್ಕೆ ನೀವು ಹೇಳಿದ್ದಾ?”

“ಇಲ್ಲ” ಎಂದೆ. ಇಷ್ಟು ವರ್ಷದ ಕೆಲಸದಲ್ಲಿ ಜನರಿಗೆ ಸಾವಿರ ಸಲ ಇಲ್ಲ ಎಂದಿದ್ದೇನೆ, ಖುಷಿಯಿಂದ ಹೇಳಿದ್ದು ಅದೊಂದೇ ಸಲ.